ತೆರವಾದ ಸ್ಥಾನ: ಬೆಳಗಾವಿಯ ಎರಡು ಉಪಚುನಾವಣೆಗಳು

ಲೋಕಸಭೆಯ ಸದಸ್ಯರೊಬ್ಬರು ಅವಧಿ ಮುಗಿಯುವ ಮೊದಲೇ ಕಾಲವಾದರೆ ಸಭೆಯಲ್ಲಿ ಶ್ರದ್ಧಾಂಜಲಿಯ ಮಾತುಗಳಾಗುತ್ತವೆ. ಸದಸ್ಯರೆಲ್ಲರೂ ಎದ್ದುನಿಂತು ಕ್ಷಣಕಾಲ ಮೌನವಾಗಿರುತ್ತಾರೆ. ಅತ್ತ ಊರಿನಲ್ಲಿ ದುಃಖದ ದಿನಗಳು ಕಳೆಯುವ ಮುನ್ನವೇ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಚಹದಂಗಡಿಯ ಗಟ್ಟಿ ದನಿಯಲ್ಲಿ, "ಇನ್ನು ಮುಂದೆ ಯಾರು?" ಎಂಬ ಪ್ರಶ್ನೆ ಏಳುತ್ತದೆ. ಗತಿಸಿದವರು ಮೇಲಿಂದ ಮೇಲೆ ಗೆದ್ದವರಾಗಿದ್ದರೆ ಉತ್ತರವೂ ಸಿದ್ಧವಾಗಿಯೇ ಇದೆಯೆಂದು ಎಲ್ಲರೂ ಬಗೆಯುತ್ತಾರೆ: ಅವರ ಪಕ್ಷ ಯಾರನ್ನು ನಿಲ್ಲಿಸುತ್ತದೆಯೋ ಅವರೇ. ಭದ್ರವಾದ ಕ್ಷೇತ್ರವೆಂದು ನಾವು ಕರೆಯುವುದು ಇಂಥದನ್ನೇ.

ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ನಮ್ಮ ಬೆಳಗಾವಿಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಸ್ವತಂತ್ರ ಭಾರತದ ಚರಿತ್ರೆಯಲ್ಲಿ ಈ ಕ್ಷೇತ್ರದ ಇಬ್ಬರು ಲೋಕಸಭಾ ಸದಸ್ಯರು ಕೇಂದ್ರದಲ್ಲಿ ರಾಜ್ಯಮಂತ್ರಿಗಳಾಗಿದ್ದಾಗಲೇ ತೀರಿಕೊಂಡರು. ಒಬ್ಬರು ೧೯೬೩ರಲ್ಲಿ, ಇನ್ನೊಬ್ಬರು ೨೦೨೦ರಲ್ಲಿ. ಇಬ್ಬರೂ ಅಲ್ಲಿಂದ ಸತತವಾಗಿ ಆರಿಸಿಬಂದವರು. ಎರಡು ಸಲವೂ ಉಪಚುನಾವಣೆ ನಡೆಯಿತು. ಎರಡು ಸಲವೂ ಗತಿಸಿದವರ ಪಕ್ಷವೇ ಗೆದ್ದಿತು. ಇಷ್ಟನ್ನೇ ನೋಡಿದರೆ ಭದ್ರ ಕ್ಷೇತ್ರದ ಮಾತು ದಿಟವೆನಿಸುತ್ತದೆ. ಆದರೆ ಅಂಕಿಗಳನ್ನು ಬಿಡಿಸಿ ನೋಡಿದರೆ ಕಥೆ ಬೇರೆಯೇ ಆಗುತ್ತದೆ. ಯಾವ ಪಕ್ಷ ಮೇಲು, ಯಾವುದು ಕೀಳು ಎಂಬ ಚರ್ಚೆ ಈ ಸಂಚಿಕೆಗೆ ಹೊಂದುವಂಥದಲ್ಲ. ಅದನ್ನು ಬದಿಗಿಟ್ಟು ಈ ಇತಿಹಾಸವನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯವರು ಬಳವಂತರಾವ್ ನಾಗೇಶ ದಾತಾರರು. ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ಅವರು ಕಾಂಗ್ರೆಸ್ ಪಕ್ಷದಿಂದ ಬೆಳಗಾವಿ ಉತ್ತರ ಕ್ಷೇತ್ರದ ಪ್ರತಿನಿಧಿಯಾದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಪುನರ್ರಚನೆಗೊಂಡು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೫೭ರಲ್ಲಿಯೂ ೧೯೬೨ರಲ್ಲಿಯೂ ಹೊಸ ರಾಜ್ಯದ ಬೆಳಗಾವಿಯಿಂದ ದಾತಾರರೇ ಗೆದ್ದರು. ರಾಜ್ಯ ಬದಲಾಯಿತು, ಕ್ಷೇತ್ರದ ಹೆಸರೂ ಬದಲಾಯಿತು, ಪ್ರತಿನಿಧಿ ಮಾತ್ರ ಬದಲಾಗಲಿಲ್ಲ. ಕೇಂದ್ರ ಗೃಹಶಾಖೆಯಲ್ಲಿ ಅವರು ಮೊದಲು ಉಪಮಂತ್ರಿ, ಬಳಿಕ ರಾಜ್ಯಮಂತ್ರಿ. ರಾಜ್ಯ ಪುನರ್ರಚನೆಯ ಮಸೂದೆಯನ್ನು ಸಂಸತ್ತಿನ ಮುಂದೆ ತಂದದ್ದು ಗೋವಿಂದವಲ್ಲಭ ಪಂತರ ನೇತೃತ್ವದ ಆ ಶಾಖೆಯೇ. ಗಡಿಯ ಪ್ರಶ್ನೆಯಿಂದ ಊರು ಕುದಿಯುತ್ತಿದ್ದ ವರುಷಗಳಲ್ಲಿ ಬೆಳಗಾವಿಯ ಸದಸ್ಯರು ಗೃಹಶಾಖೆಯಲ್ಲಿಯೇ ಕುಳಿತಿದ್ದರೆಂಬುದನ್ನು ಇಂದು ನೆನೆಯುವವರು ವಿರಳ.

೧೯೬೩ರಲ್ಲಿ ದಾತಾರರು ನಿಧನರಾದರು. ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಚ್. ವಿ. ಕೌಜಲಗಿಯವರು ಆರಿಸಿಬಂದರು. ಸುಲಭವಾಗಿ ಹೇಳಿ ಮುಗಿಸಬಹುದಾದ ಸಂಗತಿಯಂತೆ ಇದು ತೋರುತ್ತದೆ. ಆದರೆ ಆ ವರ್ಷದ ಹವೆಯನ್ನು ನೆನಪಿಗೆ ತಂದುಕೊಳ್ಳಬೇಕು. ಚೀನದ ಯುದ್ಧದಲ್ಲಿ ಆದ ಸೋಲಿನ ಗಾಯ ಇನ್ನೂ ಹಸಿಯಾಗಿತ್ತು. ಆಳುವ ಪಕ್ಷ ತನ್ನವೆಂದು ನಂಬಿದ್ದ ಮೂರು ಸ್ಥಾನಗಳು ಆ ವರ್ಷದ ಉಪಚುನಾವಣೆಗಳಲ್ಲಿ ಕೈಜಾರಿದವು. ಹಿಫ್ಜುರ್ ರಹಮಾನರ ನಿಧನದಿಂದ ತೆರವಾಗಿದ್ದ ಅಮರೋಹಾದಲ್ಲಿ ಆಚಾರ್ಯ ಕೃಪಲಾನಿ, ಫರೂಕಾಬಾದಿನಲ್ಲಿ ರಾಮಮನೋಹರ ಲೋಹಿಯಾ, ರಾಜಕೋಟೆಯಲ್ಲಿ ಮಿನೂ ಮಸಾನಿ ಗೆದ್ದು ಲೋಕಸಭೆಯನ್ನು ಹೊಕ್ಕರು. ಅದೇ ಆಗಸ್ಟ್ ತಿಂಗಳಲ್ಲಿ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿಯನ್ನು ತಂದರು. ಲೋಕಸಭೆಯಲ್ಲಿ ಅದೇ ಮೊದಲನೆಯದು. ೬೨ ಮತ ಪರವಾಗಿ, ೩೪೭ ವಿರೋಧವಾಗಿ ಬಂದು ಗೊತ್ತುವಳಿ ಬಿದ್ದುಹೋಯಿತು. ಆದರೂ ಒಂದು ಉಪಚುನಾವಣೆ ದೆಹಲಿಗೆ ಎಂಥ ದನಿಯನ್ನು ಕಳುಹಿಸಬಲ್ಲುದೆಂಬುದು ದೇಶಕ್ಕೆ ತಿಳಿಯಿತು. ಅಂಥ ವರ್ಷದಲ್ಲಿ ಬೆಳಗಾವಿ ತನ್ನ ಹಳೆಯ ಪಕ್ಷವನ್ನು ಬಿಡಲಿಲ್ಲ.

ಅಲ್ಲಿಂದ ಮುಂದೆಯೂ ಬಿಡಲಿಲ್ಲ. ೧೯೬೭ರಲ್ಲಿ ನಬೀಸಾಬ್, ೧೯೭೧ ಮತ್ತು ೧೯೭೭ರಲ್ಲಿ ಕೋಟ್ರಶೆಟ್ಟಿ, ೧೯೮೦ರಿಂದ ೧೯೯೧ರವರೆಗೆ ನಾಲ್ಕು ಬಾರಿ ಎಸ್. ಬಿ. ಸಿದ್ನಾಳ ಗೆದ್ದರು. ಹೀಗೆ ೧೯೫೨ರಿಂದ ಹತ್ತು ಮಹಾಚುನಾವಣೆಗಳಲ್ಲಿ ಒಂದೇ ಪಕ್ಷದ ಗೆಲುವು. ಅದೇ ಅವಧಿಯಲ್ಲಿ ಬೆಳಗಾವಿ ನಗರದ ವಿಧಾನಸಭಾ ಸ್ಥಾನವನ್ನು ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಹಲವು ಬಾರಿ ಗೆದ್ದರೆಂಬುದನ್ನೂ ಗಮನಿಸಬೇಕು. ಒಂದೇ ಊರಿನ ಮತದಾರ ಬೆಂಗಳೂರಿಗೆ ಒಬ್ಬರನ್ನೂ ದೆಹಲಿಗೆ ಇನ್ನೊಬ್ಬರನ್ನೂ ಆರಿಸುತ್ತಿದ್ದ.

೧೯೯೬ರಲ್ಲಿ ಈ ಸರಪಳಿ ಕಡಿಯಿತು. ಜನತಾ ದಳದ ಶಿವಾನಂದ ಕೌಜಲಗಿಯವರು ಗೆದ್ದರು. ಆ ಚುನಾವಣೆ ಇನ್ನೊಂದು ಕಾರಣದಿಂದಲೂ ದೇಶದ ಗಮನ ಸೆಳೆಯಿತು. ಕಣದಲ್ಲಿ ಉಳಿದಿದ್ದ ಅಭ್ಯರ್ಥಿಗಳು ೪೫೬ ಮಂದಿ! ಮತಪತ್ರವೆಂಬುದು ಪುಸ್ತಕದಷ್ಟಾಯಿತು. ಆಗ ಲೋಕಸಭೆಗೆ ನಿಲ್ಲಲು ಇಡಬೇಕಾಗಿದ್ದ ಠೇವಣಿ ೫೦೦ ರೂಪಾಯಿ ಮಾತ್ರ. ಅದೇ ವರ್ಷ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿಯಾಗಿ ಠೇವಣಿ ೧೦,೦೦೦ ರೂಪಾಯಿಗೆ ಏರಿತು. ಅದೇ ತಿದ್ದುಪಡಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕಲಮೂ ಸೇರಿತು. ಅದುವೇ ೧೫೧-ಎ. ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ, ಅಥವಾ ಆರು ತಿಂಗಳೊಳಗೆ ನಡೆಸುವುದು ಕಷ್ಟವೆಂದು ಆಯೋಗವು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ದೃಢಪಡಿಸಿದರೆ ಮಾತ್ರ ವಿನಾಯಿತಿ. ದಾತಾರರ ಕಾಲದಲ್ಲಿ ಇಂಥ ಗಡುವು ಇರಲಿಲ್ಲ.

೧೯೯೮ರಲ್ಲಿ ಭಾರತೀಯ ಜನತಾ ಪಕ್ಷದ ಬಾಬಾಗೌಡ ಪಾಟೀಲ, ೧೯೯೯ರಲ್ಲಿ ಕಾಂಗ್ರೆಸ್ಸಿನ ಅಮರಸಿಂಹ ಪಾಟೀಲ ಗೆದ್ದರು. ೨೦೦೪ರಲ್ಲಿ ಸುರೇಶ ಅಂಗಡಿಯವರು ಬಂದ ಬಳಿಕ ಕ್ಷೇತ್ರ ಮತ್ತೆ ಒಬ್ಬರ ಕೈಯಲ್ಲಿ ನಿಂತಿತು. ಬೆಳಗಾವಿ ತಾಲೂಕಿನ ಕೆ. ಕೆ. ಕೊಪ್ಪದಲ್ಲಿ ೧೯೫೫ರಲ್ಲಿ ಹುಟ್ಟಿದ ಅವರು ಭಾರತೀಯ ಜನತಾ ಪಕ್ಷದಿಂದ ನಾಲ್ಕು ಬಾರಿ ಗೆದ್ದರು. ೨೦೦೯ರಲ್ಲಿ ಅಂತರ ೧,೧೮,೬೮೭, ೨೦೧೪ರಲ್ಲಿ ೭೫,೮೬೦, ೨೦೧೯ರಲ್ಲಿ ೩,೯೧,೩೦೪. ಕೊನೆಯ ಗೆಲುವಿನ ಬಳಿಕ ರೈಲ್ವೆ ಶಾಖೆಯ ರಾಜ್ಯಮಂತ್ರಿಯಾದರು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರ ಹಳಿಯಾಗಬೇಕೆಂಬ ಯೋಜನೆಗೆ ಅವರು ಹಿಡಿದ ಪಟ್ಟು ಆ ಭಾಗದ ಜನಕ್ಕೆ ಗೊತ್ತು.

೨೦೨೦ರ ಸೆಪ್ಟೆಂಬರ್ ೨೩ರಂದು ಕೋವಿಡ್ ರೋಗದಿಂದ ಅವರು ದೆಹಲಿಯಲ್ಲಿ ತೀರಿಕೊಂಡರು. ಆ ರೋಗಕ್ಕೆ ಬಲಿಯಾದ ಮೊದಲ ಕೇಂದ್ರ ಮಂತ್ರಿ ಅವರೇ. ಸೋಂಕಿನ ನಿಯಮಗಳಿದ್ದುದರಿಂದ ದೇಹವನ್ನು ಊರಿಗೆ ತರಲಾಗಲಿಲ್ಲ. ಮರುದಿನ ದೆಹಲಿಯ ದ್ವಾರಕಾ ಭಾಗದ ಲಿಂಗಾಯತ ರುದ್ರಭೂಮಿಯಲ್ಲಿ ಮಣ್ಣು ಮಾಡಲಾಯಿತು. ನಾಲ್ಕು ಸಲ ಲಕ್ಷ ಲಕ್ಷ ಮತ ಕೊಟ್ಟ ಜನಕ್ಕೆ ಕೊನೆಯ ದರ್ಶನ ದೊರೆಯಲಿಲ್ಲ. ಪರಸ್ಥಳದಲ್ಲಿ ಬಾಳುವ ನಮಗೆ ಈ ಸಂಗತಿಯ ನೋವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕಾಯಿದೆಯ ಆರು ತಿಂಗಳು ೨೦೨೧ರ ಮಾರ್ಚಿಗೆ ಮುಗಿಯುತ್ತಿತ್ತು. ರೋಗದ ಕಾಲವಾದ್ದರಿಂದ ಮತದಾನ ನಡೆದದ್ದು ಏಪ್ರಿಲ್ ೧೭ರಂದು. ಅಷ್ಟರಲ್ಲಿ ಎರಡನೆಯ ಅಲೆ ಎದ್ದಿತ್ತು. ಪಕ್ಷ ಅಂಗಡಿಯವರ ಪತ್ನಿ ಮಂಗಳಾ ಅಂಗಡಿಯವರನ್ನು ನಿಲ್ಲಿಸಿತು. ಎದುರಿಗೆ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ; ಗಡಿವಾದವನ್ನು ಹಿಡಿದು ಏಕೀಕರಣ ಸಮಿತಿಯ ಬೆಂಬಲದಿಂದ ಶುಭಂ ಶೆಳಕೆ. ಮೇ ೨ರ ಎಣಿಕೆಯಲ್ಲಿ ಮುನ್ನಡೆ ಅತ್ತಿಂದಿತ್ತ ತೂಗಾಡಿತು. ಕೊನೆಗೆ ಮಂಗಳಾ ಅಂಗಡಿಯವರಿಗೆ ೪,೪೦,೩೨೭ ಮತ, ಜಾರಕಿಹೊಳಿಯವರಿಗೆ ೪,೩೫,೦೮೭, ಶೆಳಕೆಯವರಿಗೆ ೧,೧೭,೧೭೪. ಬೆಳಗಾವಿ ಕ್ಷೇತ್ರಕ್ಕೆ ಮೊದಲ ಮಹಿಳಾ ಸದಸ್ಯೆ ದೊರೆತರು. ಆದರೆ ಎರಡು ವರ್ಷದ ಹಿಂದೆ ಸುಮಾರು ನಾಲ್ಕು ಲಕ್ಷವಿದ್ದ ಅಂತರ ೫,೨೪೦ಕ್ಕೆ ಇಳಿದಿತ್ತು.

ಈ ಮತಗಳೆಲ್ಲ ಎಲ್ಲಿ ಹೋದವು? ಮತ ಗುಪ್ತವಾದ್ದರಿಂದ ಒಂದೊಂದರ ಜಾಡು ಹಿಡಿಯಲಾಗದು. ಆದರೂ ಕೂಡಿಸಿ ಕಳೆಯುವುದಕ್ಕೆ ಅಡ್ಡಿಯಿಲ್ಲ. ೨೦೧೯ರಲ್ಲಿ ಅಂಗಡಿಯವರಿಗೆ ಬಂದದ್ದು ೭,೬೧,೯೯೧. ಉಪಚುನಾವಣೆಯಲ್ಲಿ ಅವರ ಪಕ್ಷಕ್ಕೆ ಅದಕ್ಕಿಂತ ೩,೨೧,೬೬೪ ಕಡಿಮೆ ಬಂದವು. ಕಾಂಗ್ರೆಸ್ಸಿಗೆ ೩,೭೦,೬೮೭ ಇದ್ದದ್ದು ಏರಿದ್ದು ೬೪,೪೦೦ರಷ್ಟು ಮಾತ್ರ. ಆ ಏರಿಕೆಯನ್ನೂ, ಶೆಳಕೆಯವರ ಎಲ್ಲ ಮತಗಳನ್ನೂ ಕೂಡಿಸಿದರೂ ಇಳಿದ ಲೆಕ್ಕ ಸರಿದೂಗುವುದಿಲ್ಲ. ಇನ್ನೂ ೧,೪೦,೦೦೦ದಷ್ಟು ಉಳಿಯುತ್ತವೆ. ೨೦೧೯ರಲ್ಲಿ ನೂರಕ್ಕೆ ೬೫ಕ್ಕೂ ಹೆಚ್ಚು ಮಂದಿ ಮತ ಹಾಕಿದ್ದರು. ೨೦೨೧ರಲ್ಲಿ ಅದು ೬೦ನ್ನೂ ಮುಟ್ಟಲಿಲ್ಲ. ರೋಗದ ಅಂಜಿಕೆ, ಬೇಸಿಗೆಯ ಬಿಸಿಲು, ದೆಹಲಿಯ ಗಾದಿಯ ಪ್ರಶ್ನೆ ಇಲ್ಲದ ಚುನಾವಣೆ, ಗೆಲುವು ಹೇಗೂ ನಮ್ಮದೇ ಎಂಬ ನೆಚ್ಚಿಕೆ ಇವುಗಳಲ್ಲಿ ಯಾವುದರ ಪಾಲೆಷ್ಟೆಂದು ಅಳೆಯುವುದು ಸಾಧ್ಯವಿಲ್ಲ. ಆದರೆ ಭದ್ರ ಕ್ಷೇತ್ರದ ಕೋಟೆಗೆ ಬಿರುಕು ಬಿಟ್ಟದ್ದು ಎದುರಾಳಿಗಳ ಏಟಿನಿಂದ ಮಾತ್ರವಲ್ಲ, ಮತಗಟ್ಟೆಗೆ ಬಾರದೆ ಉಳಿದವರಿಂದಲೂ ಇರಬಹುದೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಅನುಕಂಪವೊಂದೇ ಗೆಲ್ಲಿಸುತ್ತದೆಂಬ ಮಾತೂ ನಿಲ್ಲುವುದಿಲ್ಲ. ಅಂಗಡಿಯವರು ತೀರಿಕೊಂಡ ಮರುದಿನವೇ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅದೇ ರೋಗದಿಂದ ಕಾಲವಾದರು. ಅಲ್ಲಿಯೂ ಏಪ್ರಿಲ್ ೧೭ರಂದೇ ಮತದಾನ. ಅಲ್ಲಿಯೂ ಗತಿಸಿದವರ ಪತ್ನಿಯೇ ಅವರ ಪಕ್ಷವಾದ ಕಾಂಗ್ರೆಸ್ಸಿನ ಅಭ್ಯರ್ಥಿ. ಗೆದ್ದವರು ಮಾತ್ರ ಭಾರತೀಯ ಜನತಾ ಪಕ್ಷದ ಶರಣು ಸಲಗರ. ಒಂದೇ ದಿನ, ಒಂದೇ ಬಗೆಯ ದುಃಖ, ಎರಡು ತೀರ್ಪು. ಇನ್ನು ಬೆಂಗಳೂರು ದಕ್ಷಿಣದಿಂದ ಆರು ಬಾರಿ ಗೆದ್ದಿದ್ದ ಅನಂತಕುಮಾರರು ೨೦೧೮ರ ನವೆಂಬರಿನಲ್ಲಿ ತೀರಿಕೊಂಡಾಗ ಲೋಕಸಭೆಗೆ ಒಂದು ವರ್ಷದ ಆಯುಷ್ಯವೂ ಉಳಿದಿರಲಿಲ್ಲ, ಉಪಚುನಾವಣೆಯೇ ನಡೆಯಲಿಲ್ಲ. ೨೦೧೯ರ ಮಹಾಚುನಾವಣೆಯ ಸದ್ದಿನಲ್ಲಿ ಆ ಕ್ಷೇತ್ರ ಹೊಸಬರಾದ ತೇಜಸ್ವಿ ಸೂರ್ಯರ ಕೈಸೇರಿತು. ಗತಿಸಿದವರ ಸ್ವಂತ ಬಲವೆಷ್ಟು, ಪಕ್ಷದ ಬಲವೆಷ್ಟು ಎಂದು ಬೇರೆಬೇರೆಯಾಗಿ ತೂಗುವ ಅವಕಾಶ ಅಲ್ಲಿ ದೊರೆಯಲಿಲ್ಲ. ಉಪಚುನಾವಣೆಯೊಂದೇ ಆ ತಕ್ಕಡಿ.

೨೦೨೪ರ ಮಹಾಚುನಾವಣೆಯಲ್ಲಿ ಬೆಳಗಾವಿಯ ಅಂತರ ಪುನಃ ೧,೭೮,೪೩೭ಕ್ಕೆ ಏರಿತು. ಗೆದ್ದವರು ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ, ಅಂಗಡಿಯವರ ಬೀಗರು. ಅವರಿಗೆ ಬಂದ ಮತ ೭,೬೨,೦೨೯. ಅಂಗಡಿಯವರು ೨೦೧೯ರಲ್ಲಿ ಪಡೆದುದಕ್ಕೆ ಇದು ಹೆಚ್ಚುಕಡಿಮೆ ಸಮ. ೨೦೨೧ರಲ್ಲಿ ಕಾಣದಿದ್ದ ಮತಗಳು ತಿರುಗಿ ಬಂದಂತಾಯಿತು. ಆದರೆ ಕಾಂಗ್ರೆಸ್ಸಿನ ಮೃಣಾಲ ಹೆಬ್ಬಾಳಕರರಿಗೂ ೫,೮೩,೫೯೨ ಮತ ಬಂದವು. ೨೦೧೯ಕ್ಕಿಂತ ಎರಡು ಲಕ್ಷಕ್ಕೂ ಮಿಗಿಲು. ಮೊದಲಿನ ಅಂತರ ಮರಳಲಿಲ್ಲ.

ಇದರಿಂದ ನಮಗೆ ಆಗುವ ಪ್ರಯೋಜನವೇನೆಂದು ಕೇಳುವವರುಂಟು. ಗೋಕಾಕ, ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಕಡೆಯಿಂದ ದುಡಿಮೆಗೆಂದು ಹೊರಬಿದ್ದು ಪುಣೆ, ಮುಂಬಯಿ, ಗೋವೆಗಳಲ್ಲಿ ನೆಲಸಿದ ಕುಟುಂಬಗಳಲ್ಲಿ ಇನ್ನೂ ಊರಿನ ಪಟ್ಟಿಯಲ್ಲಿಯೇ ಹೆಸರಿಟ್ಟುಕೊಂಡವರಿದ್ದಾರೆ. ಮಹಾಚುನಾವಣೆಗೆ ರಜೆ ಹಾಕಿ ಹೋಗಿ ಬರುವರು. ಉಪಚುನಾವಣೆಗೆ "ಒಂದು ಮತದಿಂದ ಏನಾದೀತು" ಎಂದು ಉಳಿದುಬಿಡುವರು. ಕಾಯಿದೆ ಹೇಳುವುದಾದರೋ ಬೇರೆ: ನಾವು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೇವೆಯೋ ಅಲ್ಲಿಯ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು. ಊರಿನ ಪಟ್ಟಿಯಿಂದ ಹೆಸರು ತೆಗೆಸಿದರೆ ಊರಿನ ಋಣವೇ ಹರಿಯಿತೆಂದು ಹಿರಿಯರು ಮರುಗುವುದನ್ನು ನಾವು ಬಲ್ಲೆವು. ಆದರೆ ಎರಡೂ ಕಡೆ ಮತ ಹಾಕದವನಿಗೆ ಎರಡೂ ಊರಿನಲ್ಲಿ ದನಿಯಿಲ್ಲ. ಕರ್ನಾಟಕದ ಋಣವನ್ನು ಭಾಷೆಯಿಂದ, ಮಕ್ಕಳಿಗೆ ಕಲಿಸುವ ಅಕ್ಷರದಿಂದ, ಊರ ಶಾಲೆಗೆ ಕೊಡುವ ಕಾಣಿಕೆಯಿಂದ ತೀರಿಸಬಹುದು. ಮತವನ್ನು ಮಾತ್ರ ನಾವು ಇರುವಲ್ಲಿಯೇ, ತಪ್ಪದೆ, ಚಿಕ್ಕ ಚುನಾವಣೆಯಲ್ಲಿಯೂ ಚಲಾಯಿಸತಕ್ಕದ್ದು.

ಎಂಟು ವಿಧಾನಸಭಾ ಕ್ಷೇತ್ರಗಳ ಬೆಳಗಾವಿಯಲ್ಲಿ ೫,೨೪೦ ಎಂದರೆ ಒಂದೊಂದು ಕ್ಷೇತ್ರಕ್ಕೆ ೬೫೫. ನಮ್ಮ ಸಂಘದಂಥ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಸೇರುವಷ್ಟು ಜನ.