ನೇಪಥ್ಯದ ವಿದ್ಯೆಯೂ ಪ್ರೌಢಶಾಲೆಯೂ: ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಒಂದು ಕಳಚಿದ ಕೊಂಡಿ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದ ವಿದ್ವಾಂಸರು ನಾಟಕಕಾರರ ಕೃತಿಗಳನ್ನೂ ನಟರ ಜೀವನವನ್ನೂ ಕಂಪನಿಗಳ ಏಳುಬೀಳುಗಳನ್ನೂ ವಿವರವಾಗಿ ನಿರೂಪಿಸಿದ್ದಾರೆ. ಪರದೆ ಬರೆದವರ, ಹಗ್ಗ ಎಳೆದವರ, ದೀಪ ನೋಡಿಕೊಂಡವರ ವಿಷಯ ಬಂದಾಗ ಮಾತ್ರ ಅವರ ಲೇಖನಿ ಒಂದೆರಡು ವಾಕ್ಯಗಳಿಗೇ ನಿಂತುಬಿಡುವುದು. ಆಧಾರ ಸಾಮಗ್ರಿಯ ಅಭಾವವೇ ಇದಕ್ಕೆ ಕಾರಣವೆಂಬ ಸಮಾಧಾನವುಂಟು. ಆದರೆ ಆ ಅಭಾವಕ್ಕೇ ಒಂದು ಚರಿತ್ರೆಯಿದೆ. ಹದಿಹರೆಯದ ಹುಡುಗರಿಗೆ ಈ ವಿದ್ಯೆ ಹಿಂದೆ ಹೇಗೆ ಲಭಿಸುತ್ತಿತ್ತು, ಅದೇ ವಯಸ್ಸಿನವರು ಓದುವ ಪ್ರೌಢಶಾಲೆಯನ್ನು ಅದು ಏಕೆ ಸೇರಲಿಲ್ಲ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ರಂಗದ ತಾಂತ್ರಿಕ ಭಾಗವನ್ನು ನಮ್ಮ ಪ್ರಾಚೀನರು ಕೀಳಾಗಿ ಕಂಡವರಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಗೃಹದ ನಿರ್ಮಾಣಕ್ಕೇ ಮೀಸಲಾಗಿದೆ. 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗೃಹವು ಮನುಷ್ಯರಿಗೆ ತಕ್ಕದ್ದೆಂದೂ, ಅದಕ್ಕಿಂತ ದೊಡ್ಡದಾದರೆ ನಟನ ಮಾತೂ ಮುಖಭಾವವೂ ಪ್ರೇಕ್ಷಕನಿಗೆ ಸ್ಪಷ್ಟವಾಗಿ ತಲುಪವೆಂದೂ ಅಲ್ಲಿ ಹೇಳಿದೆ. ಆಹಾರ್ಯವನ್ನು ನಾಲ್ಕು ಅಭಿನಯಗಳಲ್ಲಿ ಒಂದೆಂದು ಗಣಿಸಿರುವುದೂ ಸರ್ವವಿದಿತ. ಅದಂತಿರಲಿ, ಶಾಸ್ತ್ರದಲ್ಲಿದ್ದುದು ಕಂಪನಿಯ ಹುಡುಗನ ಕೈಗೆ ಬಂದುದು ಗ್ರಂಥದ ಮೂಲಕವಲ್ಲ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಪಾರ್ಸಿ ಮತ್ತು ಮರಾಠಿ ಮಂಡಳಿಗಳ ಪ್ರದರ್ಶನಗಳಿಂದ ಪ್ರೇರಣೆ ಪಡೆದು ಬೆಳೆದ ನಮ್ಮ ವೃತ್ತಿ ಕಂಪನಿಗಳು, ಯಾರೂ ಹಾಗೆ ಕರೆಯದಿದ್ದರೂ, ವಸತಿಶಾಲೆಗಳೇ ಆಗಿದ್ದುವು. ಊರಿಂದೂರಿಗೆ ಹೋಗುವುದು, ಬಯಲಿನಲ್ಲಿ ತಗಡಿನ ರಂಗಮಂದಿರ ಎಬ್ಬಿಸುವುದು, ಕ್ಯಾಂಪು ಮುಗಿದೊಡನೆ ಅದನ್ನು ಬಿಚ್ಚಿ ಮುಂದಿನ ಊರಿಗೆ ಸಾಗಿಸುವುದು, ಇವೇ ಅಲ್ಲಿನ ಪಾಠಗಳು. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆಗಳ ಬುಡಕ್ಕೆ ಉದ್ದನೆಯ ಕೋಲು ಕಟ್ಟಿ, ಎರಡು ಕಡೆಯ ಹಗ್ಗಗಳನ್ನು ರಾಟೆಯ ಮೇಲಿಂದ ಎಳೆದು ಅವನ್ನು ಸುತ್ತಿ ಏರಿಸುತ್ತಿದ್ದರು. ಒಂದು ಕಡೆಯ ಹುಡುಗ ತುಸು ಅವಸರಪಟ್ಟರೆ ಅರಮನೆಯೇ ವಾಲುವುದು, ಪ್ರೇಕ್ಷಕರು ನಗುವರು. ಬೀದಿಯ ಪರದೆಯ ಮುಂದೆ ಹಾಸ್ಯದ ದೃಶ್ಯ ನಡೆಯುತ್ತಿರುವಾಗಲೇ ಹಿಂದುಗಡೆ ಸದ್ದಿಲ್ಲದೆ ದರ್ಬಾರು ಸಿದ್ಧವಾಗಬೇಕಾಗಿತ್ತು. ಈ ಹಾಸ್ಯದೃಶ್ಯಗಳನ್ನು ಕಥೆಗೆ ಸಂಬಂಧವಿಲ್ಲದ ತುರುಕುವಿಕೆಯೆಂದು ಹಳಿದಿರುವ ವಿಮರ್ಶಕರು ಪರದೆಯ ಹಿಂದೆ ಇಣಿಕಿ ನೋಡಲಿಲ್ಲವೆಂದೇ ಹೇಳಬೇಕು. ನಾಟಕದ ಕಟ್ಟಡವನ್ನು ಎಷ್ಟೋ ವೇಳೆ ಕವಿ ನಿರ್ಣಯಿಸಲಿಲ್ಲ, ಹಗ್ಗ ನಿರ್ಣಯಿಸಿತು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಬಂದ ತರುವಾಯವೂ, ತಂತಿ ತಲುಪದ ಊರುಗಳಲ್ಲಿ ಕಂಪನಿಗಳಿಗೆ ಗ್ಯಾಸ್‌ಲೈಟೇ ಗತಿಯಾಗಿತ್ತು. ಹೀಗಾಗಿ ಒಬ್ಬನೇ ಹುಡುಗ ಎರಡು ಯುಗಗಳ ದೀಪವಿದ್ಯೆಯನ್ನು ಒಟ್ಟಿಗೆ ಕಲಿಯಬೇಕಾಯಿತು.

1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿಯನ್ನು ಬಾಲಕನಾಗಿ ಸೇರಿ ಮುಂದೆ ಅದರ ಒಡೆಯರಾದ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಪ್ರಸಿದ್ಧವಾದ ಸಂಗತಿ. ಅಂಥ ಪ್ರಯೋಗಕ್ಕೆ ಬೇಕಾದ ಶಿಸ್ತನ್ನು ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ. ಜಿ. ವಿ. ಅಯ್ಯರ್, ಬಿ. ವಿ. ಕಾರಂತ ಮೊದಲಾದವರು ಚಿಕ್ಕ ವಯಸ್ಸಿನಲ್ಲೇ ಅಲ್ಲಿ ಪಳಗಿದವರು. ಆದರೆ ಈ ಶಿಕ್ಷಣವನ್ನು ಆದರ್ಶೀಕರಿಸುವುದು ಇತಿಹಾಸಕಾರನಿಗೆ ತರವಲ್ಲ. ಹುಡುಗರ ಓದು ನಿಂತುಹೋಗುತ್ತಿತ್ತು; ಪೆಟ್ಟೂ ಹಸಿವೂ ಗುರುದಕ್ಷಿಣೆಯ ಭಾಗವಾಗಿದ್ದುವು; ಬಣ್ಣದ ಹದವನ್ನೂ ದೃಶ್ಯಚಮತ್ಕಾರದ ಮರ್ಮವನ್ನೂ ಬಲ್ಲವನು ಅವನ್ನು ಎಲ್ಲರಿಗೂ ಬಿಟ್ಟುಕೊಡುತ್ತಿರಲಿಲ್ಲ, ಏಕೆಂದರೆ ಅವೇ ಅವನ ಅನ್ನ. ಬರೆದಿಡದ ವಿದ್ಯೆಯಾದುದರಿಂದ, 1934ರಲ್ಲಿ ‘ಸತಿ ಸುಲೋಚನಾ’ ತೆರೆಕಂಡ ಮೇಲೆ ವಾಕ್ಚಿತ್ರವು ಪ್ರೇಕ್ಷಕರನ್ನೂ ಕಲಾವಿದರನ್ನೂ ಕ್ರಮೇಣ ಸೆಳೆದುಕೊಂಡಾಗ, ಅದು ತನ್ನನ್ನು ಬಲ್ಲವರೊಡನೆಯೇ ಚದುರಿಹೋಯಿತು.

ಸರಿಸುಮಾರು ಇದೇ ಕಾಲಕ್ಕೆ, 1932ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಸ್ಟಾನ್ಲಿ ಮೆಕ್ಯಾಂಡ್ಲೆಸ್ ರಂಗದೀಪನದ ಒಂದು ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ರಂಗವನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಎಡಬಲಗಳಿಂದ ಸುಮಾರು 45 ಅಂಶ ಕೋನದಲ್ಲಿ ಎರಡು ದೀಪ ಬೀರಿ, ಒಂದನ್ನು ಬೆಚ್ಚಗಿನ ವರ್ಣದಲ್ಲೂ ಇನ್ನೊಂದನ್ನು ತಣ್ಣಗಿನ ವರ್ಣದಲ್ಲೂ ಇಡಬೇಕೆಂಬುದು ಅದರ ಸಾರ. ಇದು ಮಹಾಕಾವ್ಯವೇನೂ ಅಲ್ಲ. ಆದರೆ ಹದಿನೈದು ವರ್ಷದ ವಿದ್ಯಾರ್ಥಿಗೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದಾದ ನಿಯಮ. ನಮ್ಮಲ್ಲಿ ನಿಪುಣರಿಗೆ ಕೊರತೆಯಿರಲಿಲ್ಲ, ನಿಯಮವನ್ನು ಬರೆದವರಿಗೆ ಕೊರತೆಯಿತ್ತು.

ಶಾಲೆಯ ಕಡೆಯಿಂದಲೂ ಬಾಗಿಲು ತೆರೆಯಲಿಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (1952-53) ಐಚ್ಛಿಕ ವಿಷಯಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿತು. ತಾಂತ್ರಿಕ ವಿಷಯಗಳದು ಒಂದು ಗುಂಪು, ಲಲಿತಕಲೆಗಳದು ಬೇರೊಂದು. ಮರಗೆಲಸ, ವಿದ್ಯುತ್ತು, ಚಿತ್ರ, ಸಂಗೀತ ಎಲ್ಲವೂ ಕೂಡುವ ರಂಗಸಜ್ಜಿಕೆಯಂಥ ವಿದ್ಯೆ ಈ ಎರಡು ಗೋಡೆಗಳ ನಡುವಣ ಸಂದಿಯಲ್ಲಿ ಬಿದ್ದುಹೋಯಿತೆಂದು ಈ ಲೇಖಕನ ಊಹೆ. ವಾರ್ಷಿಕೋತ್ಸವದ ನಾಟಕಗಳೇನೋ ನಿಲ್ಲಲಿಲ್ಲ. ಆದರೆ ಮಾತು ಮಕ್ಕಳದಾಯಿತು, ರಂಗ ಬಾಡಿಗೆಯದಾಯಿತು.

ಕಳಚಿದ ಕೊಂಡಿಯನ್ನು ಮತ್ತೆ ಕೂಡಿಸಿದ ಉದಾಹರಣೆಗಳು ವಿರಳವಾದರೂ ಇಲ್ಲದಿಲ್ಲ. ವೀರಣ್ಣನವರ ನೆರವಿನಿಂದಲೇ ಬನಾರಸಿನಲ್ಲಿ ಓದಿ, 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಪದವಿ ಪಡೆದ ಬಿ. ವಿ. ಕಾರಂತರು 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಶಿಕ್ಷಕರಾಗಿದ್ದರು. ಕಂಪನಿ, ನಾಟಕಶಾಲೆ, ಸಾಮಾನ್ಯ ಶಾಲೆ ಈ ಮೂರನ್ನೂ ಒಬ್ಬನೇ ವ್ಯಕ್ತಿ ಹಾದುಬಂದುದು ಚರಿತ್ರೆಯಲ್ಲಿ ಗಮನಾರ್ಹ. ಅವರ ಜೀವನವನ್ನು ಕುರಿತ ಬರಹಗಳಲ್ಲಿ ಈ ಮೂರು ವರ್ಷಗಳಿಗೆ ದೊರೆತಿರುವ ಸ್ಥಳ ಅತ್ಯಲ್ಪವೆಂಬುದು ವಿಷಾದಕರ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದ ಮೇಲೆ ನೇಪಥ್ಯದ ವಿದ್ಯೆಗೆ ಕನ್ನಡದಲ್ಲೇ ಒಂದು ಪಾಠಕ್ರಮ ಸಿದ್ಧವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳೊಡನೆ ರಂಗಭೂಮಿಯನ್ನೂ ಹೆಸರಿಸಿತು. ಕರ್ನಾಟಕದ ಕೆಲವು ಸರಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರು ಬಂದರು. ಕೆಲವು ಶಾಲೆಗಳಿಗೆ ಮಾತ್ರ ಎಂಬುದನ್ನು ಮರೆಯಲಾಗದು.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ಬಾಡಿಗೆಗೆ ತರಿಸಿದ್ದ ಸಾವಿರ ವಾಟಿನ ಮೂರು ದೀಪಗಳನ್ನು ಒಂದೇ ಪ್ಲಗ್ಗಿಗೆ ಜೋಡಿಸಿದ್ದುದರಿಂದ ಎರಡನೆಯ ದೃಶ್ಯದಲ್ಲಿ ಫ್ಯೂಜು ಹೋಗಿ ಸಭೆ ಕತ್ತಲಾಯಿತು. ನನ್ನ ಪಕ್ಕದಲ್ಲಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ, ಯಾರದೋ ಮೊಬೈಲಿನ ಬೆಳಕಿನಲ್ಲಿ, ಮೂರು ಸಾವಿರವನ್ನು 230ರಿಂದ ಭಾಗಿಸಿ, “ಹದಿಮೂರು ಆಂಪಿಯರ್ ಆಯಿತು ಸರ್, ಆ ಪ್ಲಗ್ಗು ಐದಕ್ಕೆ ಮಾಡಿದ್ದು” ಎಂದಳು. ಇದನ್ನು ಹೇಳಲೆಂದು ರಂಗದ ಪಕ್ಕಕ್ಕೆ ಹೋದಳು. ದೀಪದವನು ತಿರುಗಿಯೂ ನೋಡದೆ, “ದೂರ ನಿಲ್ಲಮ್ಮ, ಇದು ಮಕ್ಕಳ ಕೆಲಸವಲ್ಲ” ಎಂದನು. ಅವಳು ಬಂದು ಮತ್ತೆ ಕುಳಿತಳು. ಆಮಂತ್ರಣ ಪತ್ರಿಕೆಯನ್ನು ನಾನು ಕೇಳಿ ಪಡೆದೆ. ಅದು ಈಗಲೂ ನನ್ನ ಬಳಿ ಇದೆ.