ಫಂಕ್ಷನ್‌ಗಳ ಸಮಾನತೆ

ಫಂಕ್ಷನ್‌ಗಳ ಸಮಾನತೆ ಎಂಬುದು ಎರಡು ಫಂಕ್ಷನ್‌ಗಳು ಒಂದೇ ಆಗಿವೆಯೇ ಎಂದು ನಿರ್ಧರಿಸುವ ಪ್ರಶ್ನೆಯಾಗಿದೆ. ಗಣಿತದ ಪಠ್ಯಗಳಲ್ಲಿ ಫಂಕ್ಷನ್ನಿಗೆ ಉತ್ಪನ್ನ ಎಂಬ ಹೆಸರೂ ಇದೆ. ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಷನ್‌ಗಳನ್ನು ಸಂಖ್ಯೆಗಳಂತೆಯೇ ಮೌಲ್ಯಗಳೆಂದು ಪರಿಗಣಿಸಲಾಗುತ್ತದೆ. ಆದರೆ ಸಂಖ್ಯೆಗಳಂತೆ ಅವುಗಳನ್ನು ಹೋಲಿಸಲು ಬರುವುದಿಲ್ಲ.

ಎರಡು ಅರ್ಥಗಳು

ಒಂದು ಸಂಖ್ಯೆಗೆ ಅದೇ ಸಂಖ್ಯೆಯನ್ನು ಕೂಡಿಸುವ ಫಂಕ್ಷನ್ ಮತ್ತು ಆ ಸಂಖ್ಯೆಯನ್ನು 2ರಿಂದ ಗುಣಿಸುವ ಫಂಕ್ಷನ್, ಇವುಗಳ ಬರವಣಿಗೆ ಬೇರೆ, ಫಲಿತಾಂಶ ಒಂದೇ. ಪ್ರತಿಯೊಂದು ಇನ್‌ಪುಟ್‌ಗೂ ಒಂದೇ ಫಲಿತಾಂಶ ಬಂದರೆ ಅದು ಎಕ್ಸ್‌ಟೆನ್ಷನಲ್ ಸಮಾನತೆ. ಗಣಿತ ಒಪ್ಪುವುದು ಇದನ್ನೇ. ಬರವಣಿಗೆಯೂ ಒಂದೇ ಆಗಿರಬೇಕೆನ್ನುವುದು ಇಂಟೆನ್ಷನಲ್ ಸಮಾನತೆ.

ನಿರ್ಧಾರದ ತೊಡಕು

ಸರಿ-ತಪ್ಪು ಎಂಬ ಎರಡೇ ಇನ್‌ಪುಟ್‌ಗಳಿರುವ ಫಂಕ್ಷನ್‌ಗಳನ್ನು ಎರಡು ಪರೀಕ್ಷೆಗಳಲ್ಲಿ ಹೋಲಿಸಬಹುದು. 64 ಬಿಟ್ ಪೂರ್ಣಾಂಕಗಳಾದರೆ, ಸೆಕೆಂಡಿಗೆ ನೂರು ಕೋಟಿ ಇನ್‌ಪುಟ್‌ಗಳನ್ನು ಪರೀಕ್ಷಿಸಿದರೂ 580 ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಇನ್‌ಪುಟ್‌ಗಳು ಅನಂತವಾದಾಗ ತೊಡಕಿನ ಸ್ವರೂಪವೇ ಬದಲಾಗುತ್ತದೆ. 2ಕ್ಕಿಂತ ದೊಡ್ಡದಾದ ಸಮಸಂಖ್ಯೆಯೊಂದನ್ನು ಪಡೆದು, ಅದು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿದ್ದರೆ 1, ಇಲ್ಲವಾದರೆ 0 ಕೊಡುವ ಫಂಕ್ಷನ್ ಬರೆಯುವುದು ಸುಲಭ. ಅದು ‘ಯಾವಾಗಲೂ 1’ ಎನ್ನುವ ಫಂಕ್ಷನ್ನಿಗೆ ಸಮವೇ ಎಂದು ಕೇಳುವುದು, 1742ರಿಂದ ಬಗೆಹರಿಯದಿರುವ ಗೋಲ್ಡ್‌ಬಾಕ್ ಊಹೆ ನಿಜವೇ ಎಂದು ಕೇಳಿದಂತೆಯೇ. ಕಂಪೈಲರ್‌ನಿಂದ ಅಂಥ ಉತ್ತರ ನಿರೀಕ್ಷಿಸುವುದು ಅತಿಯಾಸೆ. ಎರಡು ಲ್ಯಾಂಬ್ಡಾ ಪದಗಳು ಸಮವೇ ಎಂದು ನಿರ್ಧರಿಸುವ ಸಾಮಾನ್ಯ ವಿಧಾನವಿಲ್ಲವೆಂದು ಅಲೊಂಜೊ ಚರ್ಚ್ 1936ರಲ್ಲಿ ಸಾಧಿಸಿದನು. ಹೆನ್ರಿ ಗಾರ್ಡನ್ ರೈಸ್‌ನ 1953ರ ಪ್ರಮೇಯ ಪ್ರೋಗ್ರಾಮ್‌ಗಳ ವರ್ತನೆಯ ಕುರಿತಾದ ಇಂಥ ಪ್ರಶ್ನೆಗಳಿಗೆಲ್ಲ ಈ ಮಿತಿಯನ್ನು ವಿಸ್ತರಿಸಿತು.

ಭಾಷೆಗಳಲ್ಲಿ

ಹ್ಯಾಸ್ಕೆಲ್ ಮತ್ತು ಸ್ಟ್ಯಾಂಡರ್ಡ್ ಎಂಎಲ್ ಭಾಷೆಗಳಲ್ಲಿ ಇಂಥ ಹೋಲಿಕೆ ಕಂಪೈಲ್ ಹಂತದಲ್ಲೇ ತಿರಸ್ಕೃತವಾಗುತ್ತದೆ. ಓಕ್ಯಾಮಲ್‌ನಲ್ಲಿ ಪ್ರೋಗ್ರಾಮ್ ನಡೆಯುವಾಗ ದೋಷ ವರದಿಯಾಗುತ್ತದೆ. ಜಾವಾಸ್ಕ್ರಿಪ್ಟ್ ಫಂಕ್ಷನ್‌ನ ಗುರುತನ್ನು ಮಾತ್ರ ನೋಡುವುದರಿಂದ, ಅಕ್ಷರಶಃ ಒಂದೇ ರೀತಿ ಎರಡು ಬಾರಿ ಬರೆದ ಫಂಕ್ಷನ್‌ಗಳೂ ಅಲ್ಲಿ ಅಸಮಾನ. ಹ್ಯಾಸ್ಕೆಲ್ ಈ ಸುಲಭದ ದಾರಿ ಹಿಡಿಯದಿರಲು ಕಾರಣವಿದೆ: ಸಮವಾದುದರ ಜಾಗದಲ್ಲಿ ಸಮವಾದುದನ್ನು ಇಟ್ಟರೆ ಪ್ರೋಗ್ರಾಮ್‌ನ ಅರ್ಥ ಬದಲಾಗಬಾರದು ಎಂಬುದು ಅದರ ಅಡಿಪಾಯ. ಗುರುತಿನ ಹೋಲಿಕೆ ಅದನ್ನೇ ಕೆಡಿಸುತ್ತದೆ.

ಪರ್ಯಾಯಗಳು

ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಯಾದೃಚ್ಛಿಕ ಇನ್‌ಪುಟ್‌ಗಳಿಂದ ವ್ಯತ್ಯಾಸವನ್ನು ಹುಡುಕುತ್ತದೆ; ವ್ಯತ್ಯಾಸ ಸಿಗದಿದ್ದರೆ ಸಮಾನತೆ ಸಿದ್ಧವಾಯಿತೆಂದಲ್ಲ. ಪೂರ್ಣ ಖಚಿತತೆ ಬೇಕಾದಲ್ಲಿ ಲೀನ್, ಅಗ್ಡಾದಂಥ ಭಾಷೆಗಳಲ್ಲಿ ಸಾಧನೆಯನ್ನು ಬರೆಯಬೇಕು. ಅನಂತ ಇನ್‌ಪುಟ್‌ಗಳಿದ್ದರೆ ಹೋಲಿಕೆ ಯಾವಾಗಲೂ ಅಸಾಧ್ಯವೆಂದು ತಿಳಿಯುವುದೂ ಸರಿಯಲ್ಲ. ಕೊನೆಯಿಲ್ಲದ ಸೊನ್ನೆ-ಒಂದುಗಳ ಸರಣಿಯನ್ನು ಪಡೆದು, ತಪ್ಪದೆ ಪೂರ್ಣಾಂಕವೊಂದನ್ನು ಕೊಡುವ ಫಂಕ್ಷನ್‌ಗಳ ಸಮಾನತೆಯನ್ನು ನಿರ್ಧರಿಸುವ ಹ್ಯಾಸ್ಕೆಲ್ ಪ್ರೋಗ್ರಾಮನ್ನು ಮಾರ್ಟಿನ್ ಎಸ್ಕಾರ್ಡೊ 2007ರಲ್ಲಿ ವಿವರಿಸಿದರು. ಅಂಥ ಫಂಕ್ಷನ್ ಸರಣಿಯ ಆರಂಭದ ಸೀಮಿತ ಭಾಗವನ್ನಷ್ಟೇ ನೋಡಿ ಉತ್ತರ ಕೊಡುವುದರಿಂದ ಇದು ಸಾಧ್ಯವಾಗುತ್ತದೆ.