ಕುಂಞಾಲಿಯ ಖಡ್ಗ

ಕುಂಞಾಲಿ ಎಂಬುದು ಹೆಸರಲ್ಲ, ಕಲ್ಲಿಕೋಟೆಯ ಸಾಮೂತಿರಿ ತನ್ನ ನೌಕಾಧಿಪತಿಗೆ ಕೊಡುತ್ತಿದ್ದ ಬಿರುದು. 16ನೆಯ ಶತಮಾನದಲ್ಲಿ ನಾಲ್ವರು ಮರಕ್ಕಾರರು ಈ ಪದವಿಯಲ್ಲಿದ್ದು ಪೋರ್ಚುಗೀಸರನ್ನು ಕಾಡಿದರು. ಹುಟ್ಟು ಹಾಕುವ ಹಗುರ ದೋಣಿಗಳಲ್ಲಿ ಅಳಿವೆಯಿಂದ ಥಟ್ಟನೆ ಹೊರಬಿದ್ದು, ಹೊಡೆದು ಮರೆಯಾಗುವುದು ಅವರ ಯುದ್ಧಕ್ರಮ.

ನಾಲ್ಕನೆಯವನಾದ ಮಹಮ್ಮದ್ ಮರಕ್ಕಾರನ ನೆಲೆ ವಡಕರದ ಸಮೀಪದ ಕೋಟೆ. ಅವನು ಸೊಕ್ಕಿ ಸಾಮೂತಿರಿಯ ಆನೆಯ ಬಾಲವನ್ನೇ ಕತ್ತರಿಸಿದನಂತೆ! ಇದನ್ನು ಬರೆದಿಟ್ಟವರು ಪೋರ್ಚುಗೀಸರು. ತೂಗಿ ನೋಡಿಯೇ ನಂಬಬೇಕು. ಅಂತೂ 1599ರಲ್ಲಿ ಒಡೆಯನೇ ವೈರಿಯೊಡನೆ ಸೇರಿದ. ಮೊದಲ ದಾಳಿ ಸೋತಿತು. 1600ರಲ್ಲಿ, ಪ್ರಾಣ ಉಳಿಸುವೆನೆಂಬ ಸಾಮೂತಿರಿಯ ಮಾತನ್ನು ನಂಬಿ, ಕುಂಞಾಲಿ ಹೊರಬಂದು ಅವನಿಗೆ ಖಡ್ಗ ಒಪ್ಪಿಸಿದ. ಪೋರ್ಚುಗೀಸರು ಅಲ್ಲಿಯೇ ಅವನನ್ನು ಸೆರೆಹಿಡಿದು, ಗೋವೆಗೊಯ್ದು ತಲೆ ಕಡಿದರು.

ಮುಂಬಯಿಯ ನೌಕಾನೆಲೆಯೊಂದಕ್ಕೆ ಈಗ ಕುಂಞಾಲಿಯ ಹೆಸರಿದೆ. ಸಾಮೂತಿರಿಯ ಹೆಸರಿನ ನೌಕಾನೆಲೆ ಇದ್ದಂತೆ ಕೇಳಿಲ್ಲ.